ಎಡೆಯಲ್ಲಿ ಉಳಿದ ಬಟ್ಟಲು

ಈ ಕತೆಯನ್ನು ಮೊದಲು ಹೇಳಿದವರು ಕೆರೆಯ ಮೇಲಿನ ಮಠದ ಹಾಲಯ್ಯನವರು. ಒಂದು ದಿನ ಪ್ರಸಾದಕ್ಕೆ ಕುಳಿತಾಗ ಶಿಷ್ಯನೊಬ್ಬ ತನ್ನ ಬಟ್ಟಲನ್ನು ತೋರಿಸಿ ಕೇಳಿದ: "ಗುರುಗಳೇ, ನಮ್ಮ ಅಜ್ಜಿ ಇದಕ್ಕೆ ಬೇರೇನೋ ಅನ್ನುತ್ತಿದ್ದಳು. ನಾವು ಗಂಜಿ ಎನ್ನುತ್ತೇವೆ. ಪದಾರ್ಥ ಅದೇ ಇರುವಾಗ ಹೆಸರು ಹೋದರೆ ನಷ್ಟವೇನು?"

ಹಾಲಯ್ಯನವರು ಬಾಯಲ್ಲಿದ್ದ ತುತ್ತು ಮುಗಿಸಿ ಹೇಳತೊಡಗಿದರು.

ಒಬ್ಬ ವ್ಯಾಪಾರಿ ಇದ್ದ. ಪೇಟೆಯ ಹೆಣ್ಣನ್ನು ಮದುವೆಯಾಗಿ, ಪೇಟೆಯಲ್ಲೇ ಮನೆ ಮಾಡಿ, ಹಳ್ಳಿಯಿಂದ ತಾಯಿಯನ್ನು ಕರೆತಂದ. ಆ ತಾಯಿ ಏನೇ ಬಡಿಸಿದರೂ ಹೆಸರು ಹೇಳಿಯೇ ಬಡಿಸುವವಳು. ಒಮ್ಮೆ ಬೀಗರು ಊಟಕ್ಕೆ ಬಂದರು. ಜೋಳದ ನುಚ್ಚಿಗೆ ಹುಳಿಮಜ್ಜಿಗೆ ಬೆರೆಸಿ ಕುದಿಸಿದ್ದನ್ನು ಅವಳು ತನ್ನ ಸೀಮೆಯ ಹೆಸರು ಹೇಳಿ ಬಡಿಸಿದಳು. ಅದು ಊಟದ ಹೆಸರೋ ಎತ್ತಿನ ಹೆಸರೋ ಎಂದು ಬೀಗರು ಕೇಳಿದರು. ಪಂಕ್ತಿಯೆಲ್ಲ ನಕ್ಕಿತು. ವ್ಯಾಪಾರಿಯ ಮುಖ ಸಣ್ಣದಾಯಿತು.

ಕೈತೊಳೆದು ಬಂದವನೇ, "ಅವ್ವಾ, ಆ ಮಾತು ಇನ್ನು ಈ ಮನೆಯಲ್ಲಿ ಬೇಡ. ಎಲ್ಲರಂತೆ ಗಂಜಿ ಅನ್ನು" ಎಂದ.

"ಆಗಲಪ್ಪ," ಎಂದಳು ತಾಯಿ. "ಆದರೆ ಗಂಜಿ ಅಂದರೆ ನನಗೆ ಜ್ವರದವರ ಊಟ. ಗಂಟಲಲ್ಲಿ ಇಳಿಯದು."

ಅಂದಿನಿಂದ ಅವಳು ಅದನ್ನು ಉಣ್ಣಲಿಲ್ಲ. ಆ ಹೆಸರನ್ನೂ ಎತ್ತಲಿಲ್ಲ. ಹಾಗೆಯೇ ಕಣ್ಣು ಮುಚ್ಚಿದಳು.

ಅವರ ಮನೆತನದಲ್ಲಿ ಒಂದು ಪದ್ಧತಿ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಟ್ಟು, ಒಂದೊಂದರ ಹೆಸರನ್ನೂ ಮಗ ಗಟ್ಟಿಯಾಗಿ ಹೇಳಿ, ಬಾಗಿಲು ಮುಚ್ಚಿ ಹೊರಗೆ ಕೂರಬೇಕು. ಹೆಸರು ಹೇಳಿ ಕೊಟ್ಟದ್ದನ್ನೇ ಹಿರಿಯರು ಮುಟ್ಟುತ್ತಾರೆಂದು ನಂಬಿಕೆ.

ಮೊದಲ ವರ್ಷ ವ್ಯಾಪಾರಿ ಒಬ್ಬಟ್ಟು, ಪಾಯಸ, ಗಂಜಿ ಎಂದು ಹೇಳಿ ಬಾಗಿಲು ಎಳೆದುಕೊಂಡ. ತೆರೆದಾಗ ಚೊಂಬಿನ ನೀರು ಬರಿದಾಗಿತ್ತು. ಎಲೆಯಲ್ಲಿ ಒಂದಗುಳೂ ಕದಲಿರಲಿಲ್ಲ. ಅವ್ವ ಬಂದು, ನೀರು ಕುಡಿದು, ಹಸಿದೇ ಹೋಗಿದ್ದಾಳೆಂದು ಅವನಿಗೆ ತಿಳಿಯಿತು.

ಮರುವರ್ಷ ಅವ್ವ ಹೇಳುತ್ತಿದ್ದ ಹೆಸರುಗಳನ್ನೇ ಹೇಳಹೊರಟ. ಒಬ್ಬಟ್ಟಿಗೆ ಹೋಳಿಗೆ ಎಂದ. ಪಾಯಸಕ್ಕೆ ಹುಗ್ಗಿ ಎಂದ. ಮೂರನೆಯ ಬಟ್ಟಲು ಹಿಡಿದು ಬಾಯಿ ತೆರೆದರೆ ಮಾತು ನಾಲಗೆಗೆ ಬರಲಿಲ್ಲ. ಹೆಂಡತಿಯನ್ನು ಕೇಳಿದ. ನಕ್ಕದ್ದು ಅವಳಿಗೆ ನೆನಪಿತ್ತು, ಹೆಸರು ನೆನಪಿರಲಿಲ್ಲ. ಹೆಸರು ಹೇಳದೆಯೇ ಬಟ್ಟಲಿಟ್ಟು ಬಾಗಿಲು ಮುಚ್ಚಿದ.

ಸ್ವಲ್ಪ ಹೊತ್ತಿಗೆ ಒಳಗೆ ಬಟ್ಟಲು ಬಳಿಯುವ ಸದ್ದು ಕೇಳಿತು. ಊಟದ ಕೊನೆಗೆ ಅವ್ವ ಹಾಗೆಯೇ ಬಳಿಯುತ್ತಿದ್ದಳು. ಅವನು ಸಮಾಧಾನದಿಂದ ಬಾಗಿಲು ತೆರೆದ. ಹೋಳಿಗೆ ಮುರಿದಿತ್ತು. ಹುಗ್ಗಿಯಲ್ಲಿ ಬೆರಳಿನ ಗುರುತಿತ್ತು. ಆ ಬಟ್ಟಲು ಮಾತ್ರ ಇಟ್ಟ ಹಾಗೆಯೇ ತುಂಬಿತ್ತು. ಅದರ ಹೊರಮೈ ಸುತ್ತ ಉಗುರಿನ ಗೀರುಗಳಿದ್ದವು.

ಅವನು ತಾಯಿಯ ಹಳ್ಳಿಗೆ ಹೋದ. ಅವಳ ಓರಗೆಯವರು ಯಾರೂ ಉಳಿದಿರಲಿಲ್ಲ. ಮನೆಮನೆಯಲ್ಲೂ ಅದೇ ಅಡುಗೆ ಕುದಿಯುತ್ತಿತ್ತು. ಇದಕ್ಕೆ ಏನನ್ನುತ್ತೀರಿ ಎಂದು ಕೇಳಿದ. ಗಂಜಿ ಎಂದರೆ ಗೊತ್ತಿಲ್ಲವೇ ಎಂದು ಅವರು ನಕ್ಕರು.

ಈಗಲೂ ಅಮಾವಾಸ್ಯೆ ಬಂದರೆ ಅವನು ಮುಚ್ಚಿದ ಬಾಗಿಲ ಹೊರಗೆ ಕೂತು, ನೆನಪಿಗೆ ಬಂದ ಹೆಸರನ್ನೆಲ್ಲ ಒಂದೊಂದಾಗಿ ಕೂಗುತ್ತಾನೆ. ಪ್ರತಿ ಹೆಸರಿಗೂ ಒಳಗಿನ ಸದ್ದು ಒಂದು ಗಳಿಗೆ ನಿಲ್ಲುತ್ತದೆ. ಮತ್ತೆ ಶುರುವಾಗುತ್ತದೆ.

"ಆ ಹೆಸರು ಯಾವುದು, ಗುರುಗಳೇ?" ಎಂದ ಶಿಷ್ಯ.

"ನಿನ್ನ ಅಜ್ಜಿ ಏನನ್ನುತ್ತಿದ್ದಳಪ್ಪ?" ಎಂದರು ಹಾಲಯ್ಯನವರು.

ಶಿಷ್ಯ ಬಟ್ಟಲನ್ನು ಮೆಲ್ಲನೆ ನೆಲಕ್ಕಿಟ್ಟ.

ಕೇಳಿದವರು ಇದನ್ನು ಇನ್ನೊಬ್ಬರಿಗೆ ಹೇಳಿ. ಅಡುಗೆಮನೆಯಲ್ಲಿ ಕೂತು, ಮನೆಯ ಹಿರಿಯರ ಕಿವಿಗೆ ಬೀಳುವಂತೆ ಹೇಳಿ.