ಒಣಗದ ಪುಟ್ಟಿ

"ಗುರುಗಳೇ, ಒಮ್ಮೆ ಕದ್ದವನನ್ನು ಮತ್ತೆ ನಂಬುವುದು ಹೇಗೆ?" ಎಂದು ನಿರಂಜನ ಕೇಳಿದ.

ಮಠದಲ್ಲಿ ಅವನ ಜೊತೆ ಒಂದೇ ಕೋಣೆಯಲ್ಲಿದ್ದ ಚೆನ್ನವೀರ ಹಿಂದಿನ ತಿಂಗಳು ಅವನ ಕೈಗಡಿಯಾರ ಕದ್ದಿದ್ದ. ಆಮೇಲೆ ತಾನೇ ತಂದುಕೊಟ್ಟು, ಅತ್ತು, ಕ್ಷಮೆ ಕೇಳಿದ್ದ. ಕ್ಷಮಿಸಿದ್ದೇನೆ ಎಂದು ನಿರಂಜನ ಬಾಯಲ್ಲಿ ಹೇಳಿದ್ದ.

"ನಿನ್ನೆ ಗಡಿಯಾರವನ್ನು ಬೇಕೆಂದೇ ಕಿಟಕಿಯಲ್ಲಿ ಬಿಟ್ಟು ಹೋದೆ. ಅವನು ಮುಟ್ಟಲಿಲ್ಲ. ಆದರೆ ಅದು ಪರೀಕ್ಷೆಯೆಂದು ಅವನಿಗೆ ವಾಸನೆ ಹತ್ತಿರಬೇಕು. ಅವನನ್ನು ಬೇರೆ ಕೋಣೆಗೆ ಕಳಿಸಿಬಿಡಿ."

ಗುರುಗಳು ಒಂದು ಕತೆ ಹೇಳಿದರು.

ಒಬ್ಬನಿಗೆ ಮಾದರಿ ಹಡಗುಗಳನ್ನು ಕಟ್ಟುವ ಹುಚ್ಚು. ಪ್ಲಾಸ್ಟಿಕ್ಕಿನ ಬಿಡಿಭಾಗಗಳನ್ನು ತಂದು ಅಂಟಿಸುತ್ತಿದ್ದ. ಹಡಗಿನ ಎರಡು ಹೋಳು ಕೂಡಿದ ಕಡೆ ಸಣ್ಣ ಬಿರುಕು ಉಳಿಯುತ್ತದೆ. ಅದಕ್ಕೆ ಪುಟ್ಟಿ ಮೆತ್ತಿ, ಒಣಗಿದ ಮೇಲೆ ಉಪ್ಪುಕಾಗದದಿಂದ ತಿಕ್ಕಿ ಬಣ್ಣ ಬಳಿದರೆ, ಬಿರುಕು ಇತ್ತೆಂದು ಯಾರೂ ಹೇಳಲಾರರು.

ಪುಟ್ಟಿ ಮಾರುತ್ತಿದ್ದವನು ಅವನ ಬಾಲ್ಯದ ಗೆಳೆಯ. ಹಿಂದೊಮ್ಮೆ ಕೆಟ್ಟುಹೋದ ಮಾಲನ್ನು ಗೊತ್ತಿದ್ದೂ ಇವನಿಗೆ ದಾಟಿಸಿದ್ದ. ಆಮೇಲೆ ಮನಸ್ಸು ತಡೆಯದೆ ತಪ್ಪೊಪ್ಪಿಕೊಂಡು ಹೊಸ ಡಬ್ಬಿ ಕೊಟ್ಟಿದ್ದ.

ಊರಿನ ಪ್ರದರ್ಶನಕ್ಕೆ ಇಡಲೆಂದು ಇವನು ಒಂದು ದೊಡ್ಡ ಹಡಗು ಕಟ್ಟಿ, ಆ ಹೊಸ ಪುಟ್ಟಿಯನ್ನೇ ಮೆತ್ತಿದ. ಮೆತ್ತಿದ್ದೇನೋ ಸರಿ, ಮನಸ್ಸು ಒಪ್ಪಬೇಕಲ್ಲ! ಈ ಸಲವೂ ಟೋಪಿ ಹಾಕಿದ್ದರೆ? ಊಟಕ್ಕೆ ಕೂರುವ ಮುಂಚೆ ಉಗುರಿನಿಂದ ಒತ್ತಿ ನೋಡಿದ. ಮೆತ್ತಗಿತ್ತು, ಗುಳಿ ಬಿತ್ತು. ಗುಳಿಗೆ ಮತ್ತೆ ಪುಟ್ಟಿ ತುಂಬಿದ. ಉಂಡು ಕೈ ತೊಳೆದು ಬಂದವನೇ ಮತ್ತೆ ಒತ್ತಿದ. ಮರುದಿನವೂ ಇದೇ ಕೆಲಸ. ಒತ್ತಿದಷ್ಟೂ ಗುಳಿ, ತುಂಬಿದಷ್ಟೂ ಹಸಿ. ಹಡಗಿಗೆ ಬಣ್ಣ ಬೀಳುವ ಮೊದಲೇ ಪ್ರದರ್ಶನ ಮುಗಿದುಹೋಯಿತು.

ಹಡಗನ್ನೂ ಡಬ್ಬಿಯನ್ನೂ ಹೊತ್ತುಕೊಂಡು ಅಂಗಡಿಗೆ ನುಗ್ಗಿದ. "ಮತ್ತೆ ಮೋಸ ಮಾಡಿದೆಯಲ್ಲೋ! ಇದು ಈ ಜನ್ಮದಲ್ಲಿ ಒಣಗುವ ಪುಟ್ಟಿಯೇ?"

ಗೆಳೆಯನ ಮುಖ ಸಪ್ಪಗಾಯಿತು. "ಒಳ್ಳೆಯದನ್ನೇ ಕೊಟ್ಟಿದ್ದೆ ಕಣೋ. ನಂಬಿಕೆ ಇಲ್ಲದಿದ್ದರೆ ಇನ್ನು ಇತ್ತ ಬರಬೇಡ," ಎಂದವನೇ ಎದ್ದು ಒಳಗೆ ಹೋದ.

ಇವನು ಸಿಟ್ಟಿನಿಂದ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದ. ಹೆಬ್ಬೆರಳಿಗೆ ಏನೋ ತಗುಲಿತು. ಮೊದಲ ದಿನ ಮುಚ್ಚಳದ ಮೇಲೆ ಬಿದ್ದಿದ್ದ ಒಂದು ತೊಟ್ಟು ಪುಟ್ಟಿ. ಅದರ ಕಡೆ ಅವನು ತಿರುಗಿಯೂ ನೋಡಿರಲಿಲ್ಲ. ಈಗ ಉಗುರಿನಿಂದ ಒತ್ತಿದ. ಉಗುರು ಮುರಿಯಿತು.

ಅವನಿಗೆ ನಾಚಿಕೆಯಾಯಿತು. ಗೆಳೆಯನನ್ನು ಹೆಸರು ಹಿಡಿದು ಕೂಗಿದ. ಒಳಗಿನಿಂದ ಯಾರೂ ಓಗೊಡಲಿಲ್ಲ.

ಇಷ್ಟು ಹೇಳಿ ಗುರುಗಳು ನಿರಂಜನನ ಬರಿದಾದ ಮಣಿಕಟ್ಟನ್ನು ನೋಡಿದರು.

"ಇವತ್ತು ಗಡಿಯಾರವನ್ನು ಎಲ್ಲಿ ಬಿಟ್ಟು ಬಂದೆ?"