ಟ್ಯಾಂಕಿನ ಮುಂದೆ ದೀಪ

ಸೀಮೆಎಣ್ಣೆಗೆ ಜನ ಡಬ್ಬ ಹಿಡಿದು ಸಾಲು ನಿಲ್ಲುತ್ತಿದ್ದ ಆ ಕಾಲವೇ ಬೇರೆ. ಊರಿನ ಪೆಟ್ರೋಲ್ ಡಿಪೋಗೆ ಹೊಸ ಪೈಪು, ಹೊಸ ಟ್ಯಾಂಕು, ಸುತ್ತ ಮುಳ್ಳುತಂತಿ ಬಂದವು. ಉದ್ಘಾಟನೆಗೆ ಬಂದ ದೊಡ್ಡ ಸಾಹೇಬರು ಹಟ ಹಿಡಿದರು: "ತುಂಬಿದ ಟ್ಯಾಂಕಿನ ಮುಂದೆಯೇ ದೀಪ ಹಚ್ಚಬೇಕು. ಫೋಟೋ ಚೆನ್ನಾಗಿ ಬರಬೇಕು!"

ಇಂಜಿನಿಯರುಗಳು ಒಬ್ಬೊಬ್ಬರಾಗಿ ಹಿಂದೆ ಸರಿದರು. ಕಾವಲುಗಾರ ಸಣ್ಣೀರಪ್ಪ "ಆಗ್ಲಿ ಸ್ವಾಮಿ" ಎಂದು ದೀಪಕ್ಕೆ ಬತ್ತಿ ಇಟ್ಟ. ಆದರೆ ಕುರ್ಚಿಗಳನ್ನೆಲ್ಲ ರಸ್ತೆಯಾಚೆಯ ಹುಣಸೆಮರದ ಕೆಳಗೆ ಹಾಕಿಸಿದ.

"ಜನ ಯಾಕಯ್ಯ ಅಷ್ಟು ದೂರ?"

"ಫೋಟೋ ಉಳೀಬೇಕಲ್ಲ ಸ್ವಾಮಿ! ಫೋಟೋದವನೂ ಅಲ್ಲೇ ಇದ್ದಾನೆ. ತಗೊಳ್ಳಿ ಬೆಂಕಿಪೊಟ್ಟಣ. ನಾನು ಅಲ್ಲಿಗೆ ಹೋದಮೇಲೆ ಗೀರಿ."

ಸಾಹೇಬರು ಬೆವರು ಒರೆಸಿಕೊಂಡು, ಪೊಟ್ಟಣ ವಾಪಸು ಕೊಟ್ಟು, ದೀಪಕ್ಕೊಂದು ಹೂವಿಟ್ಟು ಕೈಮುಗಿದರು.

ಇವತ್ತಿಗೂ ಆ ಡಿಪೋದಲ್ಲಿ ದೀಪಕ್ಕೆ ಹೂವಷ್ಟೇ. ಮುದುಕ ಸಣ್ಣೀರಪ್ಪ ನೆನೆನೆನೆದು ನಗುತ್ತಾನೆ: "ಪಾಪ, ಪೊಟ್ಟಣ ತೆರೆದೂ ನೋಡಲಿಲ್ಲ. ಒಳಗೆ ಒಂದು ಕಡ್ಡಿಯೂ ಇರಲಿಲ್ಲ."