ಮಾತಿಲ್ಲದ ಅಜ್ಜಿಯ ಪಾತ್ರ

ಚನ್ನವೀರ ಗುರುಗಳನ್ನು ಕೇಳಿದ: “ಕೈಲಾಗದವರನ್ನು ಜೊತೆಗಿಟ್ಟುಕೊಂಡು ದೊಡ್ಡ ಕೆಲಸ ಮಾಡಲು ಆಗುತ್ತದೆಯೇ, ಗುರುಗಳೇ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಟಿ.ವಿ. ನಿರ್ದೇಶಕನಿದ್ದ. ಸ್ಟುಡಿಯೋದಲ್ಲಿ ಕ್ಲ್ಯಾಪ್ ಹಿಡಿದು ಶುರು ಮಾಡಿ, ಬೈಸಿಕೊಂಡೇ ಕೆಲಸ ಕಲಿತು, ಕೊನೆಗೆ ತಾನೇ ನಿರ್ಮಾಪಕನೂ ಆದವನು. ಅವನ ಧಾರಾವಾಹಿ ದಿನಾ ಸಂಜೆ ಬರುತ್ತಿತ್ತು. ಅದರಲ್ಲಿ ಒಂದು ದೊಡ್ಡ ಮನೆ, ಮನೆ ತುಂಬ ಜನ, ಜನರ ಬಾಯಿ ತುಂಬ ಜಗಳ. ನೋಡುವವರಿಗೆ ಅದೇ ಬೇಕು ಎಂದು ಎಲ್ಲರೂ ನಂಬಿದ್ದರು, ಅವನೂ ನಂಬಿದ್ದ.

ಆ ಮನೆಯ ಅಜ್ಜಿಯ ಪಾತ್ರ ಮಾಡುತ್ತಿದ್ದ ಹಿರಿಯ ನಟಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತು. ನಟನೆ ಬಿಟ್ಟರೆ ಆಕೆಗೆ ಬೇರೆ ಬದುಕಿರಲಿಲ್ಲ. ಸ್ವಲ್ಪ ಚೇತರಿಸಿಕೊಂಡದ್ದೇ ತಡ, ಸೆಟ್ಟಿಗೆ ಬಂದು ಬಣ್ಣ ಹಚ್ಚಿಸಿಕೊಂಡು ಕೂತರು. ಧಾರಾವಾಹಿಯವರಿಗೆ ಇಂಥದ್ದಕ್ಕೆಲ್ಲ ಒಂದೇ ಮದ್ದು ಗೊತ್ತು: ಫೋಟೋ ಗೋಡೆಗೆ, ಹಾರ ಫೋಟೋಗೆ. ವಾಹಿನಿಯ ಅಧಿಕಾರಿ ಹಾರ ತರಿಸಿಯೂ ಬಿಟ್ಟಿದ್ದ. ಆಕೆ ಅದನ್ನು ನೋಡಿದರು.

“ಅಜ್ಜಿನ ಇವತ್ತೇ ಮುಗಿಸಿಬಿಡಿ ಸಾರ್. ಒಂದು ವಾರ ಮನೆಯವರೆಲ್ಲ ಅತ್ತರೆ ರೇಟಿಂಗೂ ಏರುತ್ತೆ” ಎಂದ ಅಧಿಕಾರಿ.

“ಅವರು ಇರ್ತಾರೆ. ಮಾತು ಬೇಡ” ಎಂದ ನಿರ್ದೇಶಕ.

“ಮಾತಾಡದ ಅಜ್ಜಿನ ಯಾರು ಸಾರ್ ನೋಡ್ತಾರೆ? ರೇಟಿಂಗ್ ಬಿದ್ದರೆ ಧಾರಾವಾಹಿನೇ ನಿಲ್ಲಿಸ್ತೀವಿ. ಆಮೇಲೆ ನಮ್ಮನ್ನ ಅನ್ನಬೇಡಿ.”

ನಿರ್ದೇಶಕನಿಗೆ ಭಯವಾಯಿತು. ಭಯವಾಗದಿರಲು ಅವನೇನು ದೇವರೇ? ಜೀವಮಾನದ ದುಡಿಮೆಯೆಲ್ಲ ಅದರಲ್ಲಿತ್ತು. ಆದರೂ ಆ ಹಾರವನ್ನು ಕ್ಯಾಮೆರಾಕ್ಕೆ ಹಾಕಿ, ದಿನದ ಪೂಜೆ ಮುಗಿಸಿ, ನಟಿಯನ್ನು ಕಿಟಕಿಯ ಪಕ್ಕ ಕೂರಿಸಿದ. ಜಗಳವಾಡಿ ಬಂದ ಸೊಸೆಯನ್ನು ಆಕೆಯ ಕಾಲ ಬಳಿ ಕೂರಿಸಿ, ನಡುಮನೆಯಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳು ಎಂದ. ಮರುದಿನ ಅತ್ತೆಯನ್ನೂ ಅಲ್ಲಿಗೇ ಕಳಿಸಿದ.

ಮೊದಮೊದಲು ನೋಡುವವರು ಕಡಿಮೆಯಾದರು. ವಾಹಿನಿಯಿಂದ ಬೈಗುಳ ಬಂತು. ಅವನು ಜಗ್ಗಲಿಲ್ಲ. ಅಂಥ ಗುಂಡಿಗೆ ಎಲ್ಲರಿಗೂ ಇರುವುದಿಲ್ಲ, ಚನ್ನವೀರ. ಬರಬರುತ್ತಾ ಜನ ಜಗಳ ಮುಗಿಯುವುದನ್ನೇ ಕಾದು, ಒಲೆ ಸಣ್ಣಗೆ ಮಾಡಿ, ಕಿಟಕಿ ಪಕ್ಕದ ಆ ದೃಶ್ಯಕ್ಕೆ ಬಂದು ಕೂರತೊಡಗಿದರು. ಧಾರಾವಾಹಿ ಉಳಿಯಿತು. ಆ ನಟಿ ಬದುಕಿರುವವರೆಗೂ ದಿನಾ ಬಣ್ಣ ಹಚ್ಚಿಸಿಕೊಂಡರು.

ಚನ್ನವೀರನಿಗೆ ಸಮಾಧಾನವಾಗಲಿಲ್ಲ. “ನಿರ್ದೇಶಕ ದೊಡ್ಡವನು, ಒಪ್ಪಿದೆ. ಆದರೆ ಆಕೆ ಸುಮ್ಮನೆ ಕೂತಿದ್ದರಷ್ಟೇ. ಏನು ಮಾಡಿದ ಹಾಗಾಯಿತು?”

ಗುರುಗಳು ಹೇಳಿದರು: “ಅಷ್ಟು ಜನರಿದ್ದ ಮನೆಯಲ್ಲಿ ಬೇರೆ ಯಾರು ಕೇಳಿಸಿಕೊಳ್ಳುತ್ತಿದ್ದರು, ಹೇಳು.”